181 ರೂಪಾಯಿಯ ಸಾಲುಗಳು: ಹೊಸನಗರ ಕಡೆಯ ಒಂದು ಪಿಂಚಣಿ ಪ್ರಕರಣ

2022ರ ಏಪ್ರಿಲ್‌ನಲ್ಲಿ ಅಕ್ಕ ನನ್ನ ಹತ್ರ ಬಂದಿದ್ದು ವಿಧವಾ ವೇತನಕ್ಕೆ ಅರ್ಜಿ ಬರೆಸೋಕೆ. ಭಾವ ತೀರಿಕೊಂಡು ಎರಡು ತಿಂಗಳಾಗಿತ್ತು. ಎದೆನೋವು ಅಂದವರನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರೆ ಪೇಟೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. 41 ವರ್ಷ. ಹೆಸರು ಬರೆಯೋದು ಬೇಡ, ನಮ್ಮ ಕೇರಿಯಲ್ಲಿ ಎಲ್ಲರೂ ಕರೆಯೋ ಹಾಗೆ ನಾನೂ ಅಕ್ಕ ಅಂತಲೇ ಬರೀತೀನಿ. ಊರು ಹೊಸನಗರ ತಾಲ್ಲೂಕಿನದು, ಅಷ್ಟು ಸಾಕು.

ನಾನು ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ, ಲೆಕ್ಕ ಬರೆಯುವವಳು. ಸಂಘಗಳ ಉಳಿತಾಯ, ಸಾಲ, ಕಂತು, ಇಷ್ಟೇ ಕೆಲಸ ಅಂದುಕೊಂಡು ಸೇರಿದೆ. ಈಗ ಅರ್ಧ ದಿನ ಬೇರೆಯವರ ಪಾಸ್‌ಬುಕ್ ಓದಿ ಹೇಳೋದರಲ್ಲೇ ಹೋಗುತ್ತದೆ.

ಅಕ್ಕ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದರು. ಅದರಲ್ಲಿ ರೇಷನ್ ಕಾರ್ಡ್, ಆಧಾರ್, ಮರಣ ಪತ್ರ, ಮನೆ ಜಾಗದ ಹಕ್ಕುಪತ್ರಕ್ಕೆ ಹಾಕಿದ 94ಸಿ ಅರ್ಜಿಯ ರಸೀದಿ, ಎರಡು ಪಾಸ್‌ಬುಕ್. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದು ಅಂತ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರಿಂದ ಎಲ್ಲದಕ್ಕೂ ಹೊಗೆ ವಾಸನೆ. ಭಾವನ ಪಾಸ್‌ಬುಕ್ ಸುಮ್ನೆ ತಿರುವಿ ಹಾಕಿದೆ. ಅದರಲ್ಲಿ 181, 181, 181 ಅಂತ ಸಾಲು ಸಾಲಾಗಿ ಕಡಿತ. ಪಕ್ಕದಲ್ಲಿ ಎಪಿವೈ ಅಂತ ಮೂರಕ್ಷರ.

"ಅಕ್ಕಾ, ಭಾವ ಅಟಲ್ ಪಿಂಚಣಿ ಮಾಡಿಸಿದ್ರಾ?"

"ಅದೇನೇ ಮಾರಾಯ್ತಿ ಅದು? ಬ್ಯಾಂಕಿನೋರು ತಿಂಗ್ಳಾ ತಿಂಗ್ಳಾ ದುಡ್ಡು ಮುರ್ಕೊಳ್ತಾರೆ ಅಂತ ಬೈಕಳ್ತಿದ್ರು ಅಷ್ಟೇ."

ಪ್ರಕರಣ ಶುರುವಾಗಿದ್ದು ಇಲ್ಲಿ. ಹೆಂಡತಿಗೆ ಗೊತ್ತಿಲ್ಲದ, ಗಂಡನಿಗೂ ಅರ್ಧಂಬರ್ಧ ಗೊತ್ತಿದ್ದ ಒಂದು ಪಿಂಚಣಿ ಖಾತೆ.

ಮೊದಲು ಆ ಮನೆಯ ದುಡ್ಡು ಹೇಗೆ ಬರುತ್ತಿತ್ತು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಮನೆ ಇರೋದು ಸರ್ಕಾರಿ ಜಾಗದಲ್ಲಿ, ಹಕ್ಕುಪತ್ರ ಇಲ್ಲ. ತೋಟ ಇಲ್ಲ, ಗದ್ದೆ ಇಲ್ಲ. ಅಡಿಕೆ ಸುಗ್ಗಿಯಲ್ಲಿ ಭಾವ ಗೊನೆ ಕೊಯ್ಯುವವರ ಜೊತೆ ಹೋಗುತ್ತಿದ್ದರು, ಅಕ್ಕ ಸಂಜೆಯಿಂದ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ನವೆಂಬರ್‌ನಿಂದ ಫೆಬ್ರುವರಿವರೆಗೆ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಇಂಗುಗುಂಡಿ ತೆಗೆಯೋ ಕೆಲಸ, ಅದರ ಕೂಲಿ ಖಾತೆಗೆ ಬರುತ್ತಿತ್ತು, ಆದರೆ ಯಾವ ವಾರ ಬರುತ್ತೆ ಅಂತ ಹೇಳೋಕಾಗುತ್ತಿರಲಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹೊಡೆಯೋ ರೀತಿ ಗೊತ್ತಲ್ವಾ, ತೋಟಕ್ಕೆ ಔಷಧಿ ಹೊಡೆಯೋಕೆ ಮಳೆ ಬಿಟ್ಟು ಹೊಳವಾದ ನಾಲ್ಕು ದಿನ ಬಿಟ್ಟರೆ ಕೂಲಿಯೇ ಇಲ್ಲ. ಅಂಗಡಿ ಸಾಲ, ಸಂಘದ ಸಾಲ, ರೇಷನ್ ಅಕ್ಕಿ, ಇದರಲ್ಲೇ ಮಳೆಗಾಲ ಕಳೆಯುತ್ತಿತ್ತು.

ಇನ್ನು ಯೋಜನೆ. ಅಟಲ್ ಪಿಂಚಣಿ 2015ರ ಮೇ 9ರಂದು ಘೋಷಣೆಯಾಗಿ ಜೂನ್ 1ರಿಂದ ಜಾರಿಗೆ ಬಂತು. 18ರಿಂದ 40 ವರ್ಷದವರು ಸೇರಬಹುದು, 60ರವರೆಗೆ ಕಟ್ಟಬೇಕು, ಆಮೇಲೆ ಸಾಯುವವರೆಗೆ ತಿಂಗಳಿಗೆ 1000ದಿಂದ 5000 ರೂಪಾಯಿ, ನಾವು ಆರಿಸಿಕೊಂಡಿದ್ದರ ಮೇಲೆ. ಎಷ್ಟು ಎಳೆ ವಯಸ್ಸಿನಲ್ಲಿ ಸೇರುತ್ತೀರೋ ಕಂತು ಅಷ್ಟು ಕಡಿಮೆ. 18ಕ್ಕೆ ಸೇರಿದರೆ 1000 ರೂಪಾಯಿ ಪಿಂಚಣಿಗೆ ತಿಂಗಳಿಗೆ 42 ಸಾಕು, 40ಕ್ಕೆ ಸೇರಿದರೆ 291. ಭಾವ 35ಕ್ಕೆ ಸೇರಿದ್ದರು, ಅದಕ್ಕೇ 181. ಗಂಡ ಹೋದರೆ ಅದೇ ಪಿಂಚಣಿ ಹೆಂಡತಿಗೆ, ಇಬ್ಬರೂ ಹೋದ ಮೇಲೆ ನಾಮಿನಿಗೆ 1 ಲಕ್ಷ 70 ಸಾವಿರ. ಕಾಗದದ ಮೇಲೆ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು.

ಭಾವ ಸೇರಿದ್ದು 2015ರ ಡಿಸೆಂಬರ್‌ನಲ್ಲಿ, ಪಂಚಾಯಿತಿ ಸಭಾಂಗಣದಲ್ಲಿ ಬ್ಯಾಂಕಿನವರು ಮಾಡಿದ ಕ್ಯಾಂಪಿನಲ್ಲಿ. ಆಗ ಒಂದು ಆಕರ್ಷಣೆ ಇತ್ತು. ಬೇಗ ಸೇರಿದವರಿಗೆ, ತೆರಿಗೆ ಕಟ್ಟದವರಿಗೆ, ಪಿಎಫ್ ಥರದ್ದು ಇಲ್ಲದವರಿಗೆ ಐದು ವರ್ಷ ಕೇಂದ್ರ ಸರ್ಕಾರವೂ ಪಾಲು ಹಾಕುತ್ತೆ, ನೀವು ಕಟ್ಟಿದ್ದರ ಅರ್ಧ ಅಥವಾ ವರ್ಷಕ್ಕೆ 1000, ಯಾವುದು ಕಡಿಮೆಯೋ ಅದು. ಭಾವನ ಲೆಕ್ಕದಲ್ಲಿ ವರ್ಷಕ್ಕೆ 2,172, ಅರ್ಧ ಅಂದರೆ 1,086, ಹಾಗಾಗಿ ಪೂರ್ತಿ 1000 ಸಿಗಬೇಕಿತ್ತು. ಐದು ವರ್ಷಕ್ಕೆ 5000ದ ಹತ್ತಿರ. ಬಡವರಿಗೆ ಅಂತಲೇ ಇಟ್ಟ ದುಡ್ಡು ಅದು.

ಸಿಕ್ಕಿದ್ದೆಷ್ಟು? ಸೇರಿದ ವರ್ಷದ್ದು ಒಂದು ಸಣ್ಣ ಮೊತ್ತ, ಮಾರನೇ ವರ್ಷದ್ದು 1000. ಆಮೇಲೆ ಇಲ್ಲ.

ಯಾಕೆ ಅಂತ ಪಾಸ್‌ಬುಕ್ಕೇ ಹೇಳುತ್ತಿತ್ತು. ಮೊದಲ ಒಂದೂವರೆ ವರ್ಷ ಕಂತು ತಪ್ಪಿಲ್ಲ. 2017ರ ಮಳೆಗಾಲದಲ್ಲಿ ಖಾತೆ ಬರಿದಾಗಿದೆ. ಜುಲೈ ಇಲ್ಲ, ಆಗಸ್ಟ್ ಇಲ್ಲ, ಸೆಪ್ಟೆಂಬರ್ ಇಲ್ಲ, ಅಕ್ಟೋಬರ್ ಇಲ್ಲ. ನವೆಂಬರ್‌ನಲ್ಲಿ ಯಾವುದೋ ಕೂಲಿ ಜಮೆ ಆಗಿದೆ, ಅದೇ ದಿನ ಬಾಕಿ ಕಂತು ಅಷ್ಟೂ ಒಟ್ಟಿಗೆ ಹೋಗಿದೆ. 181, ಅದರ ಕೆಳಗೆ ಇನ್ನೊಂದು 181, ಹೀಗೆ ಐದು ಸಾಲು, ಜೊತೆಗೆ ತಡವಾಗಿದ್ದಕ್ಕೆ ಬಡ್ಡಿ. ಕೂಲಿ ಬಿಡಿಸೋಕೆ ಪೇಟೆಗೆ ಹೋದ ಮನುಷ್ಯನಿಗೆ ಅಲ್ಲಿ ದುಡ್ಡೇ ಇಲ್ಲ ಅಂದರೆ ಹೇಗಾಗಬೇಡ? ಅಲ್ಲಿಂದ ಮುಂದೆ ಪಾಸ್‌ಬುಕ್ಕಿನ ನಡೆಯೇ ಬೇರೆ. ದುಡ್ಡು ಬಂದ ದಿನ ಅಥವಾ ಮಾರನೇ ದಿನವೇ ಪೂರ್ತಿ ತೆಗೆದಿದ್ದಾರೆ, ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು. ಬ್ಯಾಂಕು ಮುರಿದುಕೊಳ್ಳುವ ಮೊದಲೇ ನಾವು ತೆಗೀಬೇಕು ಅಂತ. ಆದರೂ ಆಗಾಗ ಸಿಕ್ಕಿಬಿದ್ದಿದ್ದಾರೆ, ಹಾಗೆ ಸಿಕ್ಕಿದ್ದೆಲ್ಲ ಹಳೇ ಬಾಕಿಗೆ ಹೋಗಿದೆ. ಕೊನೆಗೆ 2019ರ ಏಪ್ರಿಲ್‌ವರೆಗಿನ ಕಂತು ಮಾತ್ರ ಸಂದಿದೆ. 2020ರಲ್ಲಿ ಲಾಕ್‌ಡೌನ್ ಅಂತ ಏಪ್ರಿಲ್‌ನಿಂದ ಜೂನ್ ಕೊನೆವರೆಗೆ ಈ ಕಡಿತವನ್ನು ದೇಶದಾದ್ಯಂತ ನಿಲ್ಲಿಸಿದ್ದರು. ಮತ್ತೆ ಶುರುವಾಗಿದ್ದು ಜುಲೈಯಲ್ಲಿ. ಮಲೆನಾಡಿನ ಕೂಲಿಯವರಿಗೆ ಜುಲೈಗಿಂತ ಕೆಟ್ಟ ತಿಂಗಳು ಇನ್ನೊಂದಿಲ್ಲ, ಆದರೆ ಅದು ಯಾರಿಗೆ ಗೊತ್ತಿರುತ್ತೆ.

ಸರ್ಕಾರದ ಪಾಲು ಸಿಗೋದು ಆ ವರ್ಷದ ಎಲ್ಲ ಕಂತೂ ಸಂದಿದ್ದರೆ ಮಾತ್ರ. ಇದು ಯೋಜನೆಯ ನಿಯಮದಲ್ಲೇ ಇತ್ತು. ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲಿ. ತಿಂಗಳು ತಿಂಗಳು ದುಡ್ಡು ಬರೋ ಮನೆಯವನಿಗೆ ಸರ್ಕಾರದ 1000 ಪೂರ್ತಿ ಸಿಕ್ಕಿತು, ಸುಗ್ಗಿ ನಂಬಿಕೊಂಡು ಬದುಕೋನಿಗೆ ಮೂರು ತಿಂಗಳ ಮಳೆಗೆ ವರ್ಷದ ಪಾಲೇ ಹೋಯಿತು. ಭಾವ ದುಡ್ಡು ಕಟ್ಟೋಕೆ ಆಗದವರೇನಲ್ಲ. ನವೆಂಬರ್‌ನಲ್ಲಿ ಕೇಳಿದ್ದರೆ ಆರು ತಿಂಗಳದ್ದು ಒಟ್ಟಿಗೆ ಕೊಡುತ್ತಿದ್ದರು. ಹಾಗೆ ಕಟ್ಟೋ ದಾರಿ ಯೋಜನೆಯಲ್ಲೇ ಇದೆ ಕೂಡ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ಹೇಗಾದರೂ ಕಟ್ಟಬಹುದು, 181ರ ಬದಲು ಅರ್ಧ ವರ್ಷಕ್ಕೆ 1,068. ಕ್ಯಾಂಪಿನಲ್ಲಿ ಎಲ್ಲರಿಗೂ ತಿಂಗಳ ಕಂತಿಗೇ ಟಿಕ್ ಹಾಕಿದ್ದರು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯ. ತಡವಾದರೆ ಹಾಕೋ ಬಡ್ಡಿ 100 ರೂಪಾಯಿಗೆ ತಿಂಗಳಿಗೆ 1 ರೂಪಾಯಿ, 181ಕ್ಕೆ 2 ರೂಪಾಯಿ. ಅದನ್ನು ಬ್ಯಾಂಕು ತಿನ್ನುತ್ತೆ ಅಂತ ನಮ್ಮೂರಲ್ಲಿ ಎಲ್ಲರ ನಂಬಿಕೆ. ಹಾಗಲ್ಲ, ಅದು ಕಟ್ಟಿದವರ ಪಿಂಚಣಿ ಖಾತೆಗೇ ಸೇರುತ್ತದೆ. ಇದನ್ನು ಹೇಳಿದರೆ ಈಗಲೂ ನನ್ನನ್ನು ಬ್ಯಾಂಕಿನ ಕಡೆಯವಳು ಅನ್ನೋ ಹಾಗೆ ನೋಡುತ್ತಾರೆ.

ಸರಿ, ದುಡ್ಡು ಇದೆ ಅಂತ ಗೊತ್ತಾಯಿತು. ಅದನ್ನು ಅಕ್ಕನ ಕೈಗೆ ತರಬೇಕಿತ್ತು.

ಪಿಂಚಣಿ ಖಾತೆಗೆ ಪ್ರಾನ್ ಅಂತ 12 ಅಂಕಿಯ ಒಂದು ನಂಬರ್ ಇರುತ್ತೆ, ಅದರ ಕಾರ್ಡು ಮನೆಯಲ್ಲಿರಲಿಲ್ಲ. ಮೊದಲ ಸಲ ಬ್ಯಾಂಕಿಗೆ ಹೋದಾಗ ನಂಬರ್ ತನ್ನಿ ಅಂದರು. ಎರಡನೇ ಸಲ ಖಾತೆ ನಂಬರಿನಿಂದ ಅವರೇ ಹುಡುಕಿ ಕೊಟ್ಟರು, ಅಂದರೆ ಮೊದಲ ಸಲವೇ ಆಗುತ್ತಿತ್ತು. ಮೂರನೇ ಸಲ ಸಾಹೇಬರು ರಜೆ. ನಾಲ್ಕನೇ ಸಲ ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ, ಕಂಪ್ಯೂಟರ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಇದರಲ್ಲಿ ಇವರಿಗೆ ಮದುವೆ ಆಗಿಲ್ಲ ಅಂತ ಇದೆಯಲ್ಲಮ್ಮ."

"ಎರಡು ಮಕ್ಕಳಿದಾವೆ ಸಾರ್ ನಂಗೆ," ಅಂದರು ಅಕ್ಕ. ಅಷ್ಟೇ. ಹಿಂದೆ ಲೈನಲ್ಲಿ ನಿಂತವರು ಯಾರೋ ನಕ್ಕರು.

ಆಗಿದ್ದಿಷ್ಟು. ಈ ಯೋಜನೆಯಲ್ಲಿ ಮದುವೆ ಆದವರಿಗೆ ಗಂಡ ಅಥವಾ ಹೆಂಡತಿಯೇ ನಾಮಿನಿ, ಬೇರೆಯವರನ್ನು ಹಾಕೋ ಹಾಗಿಲ್ಲ. ಕ್ಯಾಂಪಿನಲ್ಲಿ ಫಾರ್ಮ್ ತುಂಬಿದವರು ಯಾರೋ, ಒಂದು ದಿನಕ್ಕೆ ನೂರಾರು ಫಾರ್ಮ್ ಮುಗಿಸಬೇಕಿತ್ತೇನೋ, ಮದುವೆಯ ಜಾಗದಲ್ಲಿ ಟಿಕ್ ಹಾಕದೆ ನಾಮಿನಿ ಅಂತ ಭಾವನ ತಾಯಿಯ ಹೆಸರು ಬರೆದಿದ್ದರು. ಕೇಳಿದಾಗ ಭಾವನೇ ಹಾಗೆ ಹೇಳಿರಬಹುದು, ಅಥವಾ ರೇಷನ್ ಕಾರ್ಡಿನಲ್ಲಿ ಮೊದಲ ಹೆಸರು ಅಮ್ಮನದೇ ಇದ್ದಿದ್ದರಿಂದ ಹಾಗಾಗಿರಬಹುದು. ಆ ಅಜ್ಜಿ ಹೋಗಿ ಆಗಲೇ ಮೂರು ವರ್ಷ. ಹಾಗಾಗಿ ಈಗ ಬೇಕಾಗಿದ್ದು ಅಜ್ಜಿಯ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಕ್ಕನೇ ಹೆಂಡತಿ ಅಂತ ದಾಖಲೆ. ಅಜ್ಜಿಯ ಸಾವನ್ನು ಯಾರೂ ನೋಂದಾಯಿಸಿರಲಿಲ್ಲ. ಮನೆಯಲ್ಲೇ ಹೋದವರು, ಕಾಡಂಚಿನಲ್ಲೇ ದಹನ. ತಡವಾದ ನೋಂದಣಿಗೆ ಕೋರ್ಟು, ವಕೀಲರು ಅಂತ ಅದೇ ಒಂದು ಕತೆ, ಅದನ್ನೆಲ್ಲ ಇಲ್ಲಿ ಬರೆಯಲ್ಲ. ಅದಕ್ಕೇ ಆರು ತಿಂಗಳು ಹೋಯಿತು. ಆಮೇಲೆ ಹೆಸರಿನ ತಕರಾರು. ಭಾವನ ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಮರಣ ಪತ್ರದಲ್ಲಿ ಇಲ್ಲವೇ ಇಲ್ಲ.

ಈ ನಡುವೆ ವಿಧವಾ ವೇತನ ಮೂರೇ ತಿಂಗಳಿಗೆ ಮಂಜೂರಾಗಿ ಖಾತೆಗೆ 800 ರೂಪಾಯಿ ಬರೋಕೆ ಶುರುವಾಗಿತ್ತು. ಒಂದು ಪೈಸೆ ಕಟ್ಟದೇ ಇದ್ದದ್ದು ಮೊದಲು ಬಂತು, 41 ಕಂತು ಕಟ್ಟಿದ್ದು ಬ್ಯಾಂಕಿನ ಟ್ರೇಯಲ್ಲಿ ಕೂತಿತ್ತು.

2023ರ ಏಪ್ರಿಲ್‌ಗೆ ಕಾಗದ ಎಲ್ಲ ಸರಿಯಾದಾಗ ಬ್ಯಾಂಕಿನವರು ಎರಡು ದಾರಿ ಹೇಳಿದರು. 60 ಆಗುವ ಮೊದಲೇ ಸದಸ್ಯ ತೀರಿಕೊಂಡರೆ ಹೆಂಡತಿ ಖಾತೆಯನ್ನು ಮುಂದುವರಿಸಬಹುದು, ಗಂಡನಿಗೆ 60 ತುಂಬಬೇಕಿದ್ದ ದಿನದವರೆಗೆ ಕಟ್ಟಿ ಆಮೇಲೆ ತಾನೇ ಪಿಂಚಣಿ ತಗೋಬಹುದು. ಇಲ್ಲ ಅಂದರೆ ಇದ್ದಷ್ಟು ದುಡ್ಡು ವಾಪಸ್ ಪಡೆದು ಮುಗಿಸಬಹುದು.

ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಭಾವನಿಗೆ 60 ಆಗಬೇಕಿದ್ದದ್ದು 2040ಕ್ಕೆ, ಆಗ ಅಕ್ಕನಿಗೆ 55. ಅಂದರೆ 55ಕ್ಕೇ ಪಿಂಚಣಿ, ಸಾಯುವವರೆಗೆ ತಿಂಗಳಿಗೆ 1000, ಆಮೇಲೆ ಮಕ್ಕಳಿಗೆ 1 ಲಕ್ಷ 70 ಸಾವಿರ. ಮುಂದುವರಿಸಿ ಅಂತ ನಾನು ಹೇಳಿದೆ, ಜೋರಾಗಿಯೇ ಹೇಳಿದೆ. ಆದರೆ ಮುಂದುವರಿಸಬೇಕು ಅಂದರೆ ಹಳೇ ಬಾಕಿ ಕಟ್ಟಬೇಕಲ್ಲ. 2019ರ ಮೇಯಿಂದ ಭಾವ ಹೋಗುವವರೆಗಿನ 34 ಕಂತು 6,154, ಆಮೇಲಿನ 14 ತಿಂಗಳದ್ದು 2,534, ಬಡ್ಡಿ ಬೇರೆ. ಹತ್ತಿರ ಹತ್ತಿರ 11,000. ವಾಪಸ್ ತಗೊಂಡರೆ ಸಿಗೋದು 9,300 ಚಿಲ್ಲರೆ.

ಅಕ್ಕ ನನ್ನ ಕ್ಯಾಲೆಂಡರ್ ನೋಡಲೇ ಇಲ್ಲ. "ಸುಮ್ನೆ ಕೂತ್ರೆ ಈಗ್ಲೇ 800 ಬರ್ತದೆ. ಹನ್ನೊಂದು ಸಾವಿರ ಸಾಲ ಮಾಡಿ, ಇನ್ನೂ ಹದಿನೇಳು ವರ್ಷ ಕಟ್ಟಿ, ಆಮೇಲೆ 1000 ಅಂದ್ರೆ, ಆವತ್ತು ಆ 1000ಕ್ಕೆ ಏನು ಬರ್ತದೆ ಹೇಳು?"

ನನ್ನ ಹತ್ರ ಉತ್ತರ ಇರಲಿಲ್ಲ. 2015ರಲ್ಲಿ ಗೊತ್ತು ಮಾಡಿದ 1000 ಅದು. ಬೆಲೆ ಏರಿದ ಹಾಗೆ ಅದು ಏರಲ್ಲ.

ಅಕ್ಕ ದುಡ್ಡು ವಾಪಸ್ ತಗೊಂಡರು. ಸಂಘದ ಸಾಲಕ್ಕೆ 4,000, ಮಳೆ ಶುರುವಾಗುವ ಮೊದಲು ಮಾಡಿಗೆ ಶೀಟು, ಉಳಿದದ್ದು ದೊಡ್ಡವಳ ಕಾಲೇಜಿಗೆ. ಅವರು ಮಾಡಿದ್ದು ತಪ್ಪು ಅಂತ ಆಗ ಅನ್ನಿಸಿತ್ತು, ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಈ ಕೆಲಸಕ್ಕೆ ಅಂತಲೇ ಅವರು ಪೇಟೆಗೆ ಹೋದದ್ದು ಒಂಬತ್ತು ಸಲ, ವಕೀಲರ ಓಡಾಟ ಬಿಟ್ಟು. ಬಸ್ಸಿಗೆ ಹೋಗಿ ಬರೋಕೆ 80, ಆ ದಿನದ ಕೂಲಿ 300. ಒಟ್ಟು 3,420. ಕೈಗೆ ಬಂದ ದುಡ್ಡಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಅದನ್ನು ತರೋಕೇ ಹೋಯಿತು. ಇದನ್ನು ಯಾವ ಕಚೇರಿಯೂ ಲೆಕ್ಕ ಇಡಲ್ಲ, ಅಕ್ಕನೂ ಇಟ್ಟಿರಲಿಲ್ಲ, ನಾನು ಒಕ್ಕೂಟದ ಚಟಕ್ಕೆ ಬರೆದುಕೊಂಡಿದ್ದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ತಿಂಗಳು ಅಕ್ಕನೇ ಬಂದು, "ಅಂಥದ್ದು ನಂಗೆ ಮಾಡಿಸ್ಬಹುದಾ?" ಅಂತ ಕೇಳಿದರು. ಇಷ್ಟೆಲ್ಲ ಅನುಭವಿಸಿದ ಮೇಲೆ! ಯಾಕೆ ಅಂದರೆ, "ಅದು ಅವ್ರ ಹೆಸರಲ್ಲಿತ್ತು. ಇದು ನನ್ನ ಹೆಸರಲ್ಲಿ ಇರ್ತದಲ್ಲ" ಅಂದರು.

ಈ ಸಲ ನಾನು ಸರಿಯಾಗಿ ನೋಡಿದೆ. 2019ರಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಅಂತ ಇನ್ನೊಂದಿದೆ. ತಿಂಗಳಿಗೆ 15,000ದೊಳಗೆ ದುಡಿಯೋ ಅಸಂಘಟಿತ ಕೂಲಿಯವರಿಗೆ, ವಯಸ್ಸು ಇಲ್ಲೂ 18ರಿಂದ 40. ನಾವು ಎಷ್ಟು ಕಟ್ಟುತ್ತೀವೋ ಸರ್ಕಾರ ಅಷ್ಟೇ ಹಾಕುತ್ತೆ, 60 ಆದ ಮೇಲೆ 3000. 38ಕ್ಕೆ ಸೇರಿದರೆ ತಿಂಗಳಿಗೆ 180. ಭಾವ 1000ಕ್ಕೆ 181 ಕಟ್ಟುತ್ತಿದ್ದರು, ಅಕ್ಕ 3000ಕ್ಕೆ 180. ಒಂದು ಕೊರತೆ ಅಂದರೆ ಇದರಲ್ಲಿ ಪಿಂಚಣಿ ಶುರುವಾದ ಮೇಲೆ ಸದಸ್ಯರು ಹೋದರೆ ಗಂಡ ಅಥವಾ ಹೆಂಡತಿಗೆ ಅರ್ಧ ಸಿಗುತ್ತೆ, ಮಕ್ಕಳಿಗೆ ಏನೂ ಇಲ್ಲ. ಅಕ್ಕನಿಗೆ ಗಂಡ ಇಲ್ಲ. ಅದನ್ನೂ ಹೇಳಿದೆ. "ಮಕ್ಕಳು ಅವ್ರದ್ದು ಅವ್ರು ನೋಡ್ಕಳ್ತಾರೆ," ಅಂದರು.

ವಯಸ್ಸು 38 ಅಂತ ಹೇಳಿದೆನಲ್ಲ, ಅದು ಆಧಾರ್ ಪ್ರಕಾರ. ಅದರಲ್ಲಿ ಹುಟ್ಟಿದ ದಿನ 01-01-1985. ನಮ್ಮ ಕೇರಿಯಲ್ಲಿ ಮೂವತ್ತು ದಾಟಿದವರು ಹೆಚ್ಚುಕಮ್ಮಿ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದವರು. ವರ್ಷ ಕೂಡ ಆವತ್ತು ಫಾರ್ಮ್ ತುಂಬಿದವರು ಮುಖ ನೋಡಿ ಅಂದಾಜಿಗೆ ಬರೆದಿದ್ದು. ಆ ಅಂದಾಜೇ ಈಗ ಕಂತು ಎಷ್ಟು, ಪಿಂಚಣಿ ಯಾವಾಗ, ಸೇರಬಹುದಾ ಇಲ್ವಾ ಅಂತ ಎಲ್ಲವನ್ನೂ ಗೊತ್ತು ಮಾಡುತ್ತದೆ.

ಸೇವಾ ಕೇಂದ್ರದಲ್ಲಿ ಮೊದಲ 180 ನಗದು ಕೊಟ್ಟು ಸೇರಿಸಿದೆವು. ಕಂತು ತಪ್ಪೋ ಭಯ ನನಗೆ ಇದ್ದೇ ಇತ್ತು, ಯಾಕೆ ಅಂದರೆ ಇದೂ ಖಾತೆಯಿಂದ ತಾನಾಗಿ ಹೋಗೋದೇ. ಅದಕ್ಕೆ ಸುಗ್ಗಿಯಲ್ಲಿ 1000 ರೂಪಾಯಿ ಖಾತೆಗೆ ಹಾಕಿ ಆ ದುಡ್ಡನ್ನು ಮುಟ್ಟೋ ಹಾಗಿಲ್ಲ ಅಂತ ಮಾತಾಡಿಕೊಂಡೆವು. ಅದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ಕಂತಿಗೆ ಆಗುತ್ತೆ. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾದ ಮೇಲೆ ಅದೇ ಖಾತೆಗೆ 2000 ಬರೋಕೆ ಹತ್ತಿತು, ನಿಜ ಹೇಳಬೇಕು ಅಂದರೆ ಕಂತು ನಿಲ್ಲದೆ ಉಳಿದದ್ದು ನಮ್ಮ ಮಾತಿಗಿಂತ ಅದರಿಂದಲೇ ಜಾಸ್ತಿ.

ಒಕ್ಕೂಟದ ಪುಸ್ತಕದಲ್ಲಿ ನಾನೇ ಒಂದು ಕಾಲಂ ಎಳೆದಿದ್ದೀನಿ, ಯಾರ ಖಾತೆಯಿಂದ ಏನು ಹೋಗುತ್ತೆ, ನಾಮಿನಿ ಯಾರು, ಅವರು ಬದುಕಿದ್ದಾರಾ. ಕೊನೇ ಪ್ರಶ್ನೆ ಕೇಳುವಾಗ ಮೊದಮೊದಲು ಮುಜುಗರ ಆಗುತ್ತಿತ್ತು.

ಮೊನ್ನೆ ಅಕ್ಕ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದರು, ಜೊತೆಗೆ ಅವರ ನಾದಿನಿ. ನಾದಿನಿಯೂ ಅಡಿಕೆ ಸುಲಿಯೋ ಕೆಲಸದವರೇ. "ನಂಗೂ ಅತ್ತಿಗೆಗೆ ಮಾಡಿಸಿದ್ದು ಮಾಡ್ಸಿಕೊಡು," ಅಂತ ಆಧಾರ್ ಕೊಟ್ಟರು. 43 ಇತ್ತು. 40 ದಾಟಿದವರನ್ನು ಎರಡೂ ಯೋಜನೆಯಲ್ಲಿ ತಗೊಳ್ಳಲ್ಲ ಅಂತ ಹೇಳಿದೆ. ಅವರು ಕಾರ್ಡನ್ನು ವಾಪಸ್ ಇಸ್ಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾನು ಹುಟ್ಟಿದ್ದು ಅತ್ತಿಗೆ ಹುಟ್ಟಿ ಎರಡು ಮಳೆಗಾಲ ಆದ್ಮೇಲೆ ಅಂತ ನಮ್ಮಮ್ಮ ಹೇಳ್ತಿತ್ತು. ಜನವರಿ ಒಂದು ಅಂತ ಬರೆದೋರು ವರ್ಷನಾದ್ರೂ ಒಂಚೂರು ಕೇಳಿ ಬರೀಬಾರ್ದಿತ್ತಾ?"